ಜೆರಾಕ್ಸ್ ಯಂತ್ರದ ವಿಳಾಸಪಟ್ಟಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆಯಲ್ಲಿ ಭತ್ತದ ಬೇಸಾಯವು ಹಬ್ಬಿರುವುದು ಸರ್ವವಿದಿತವಾದ ಸಂಗತಿ. ಕೊಯ್ದು ಗದ್ದೆಯಲ್ಲಿ ಹರಡಿದ ಬೆಳೆಯು ಅಕಾಲದ ಮಳೆಗೆ ಸಿಕ್ಕಿದರೆ ಒಕ್ಕಲಿಗನ ದುಡಿಮೆಯು ಒಂದೇ ರಾತ್ರಿಯಲ್ಲಿ ನೀರುಪಾಲಾಗುತ್ತದೆ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ವಿಮೆ ಮಾಡಿಸಿದ ರೈತನು ಇಂತಹ ಹಾನಿಯನ್ನು ೭೨ ಗಂಟೆಗಳೊಳಗಾಗಿ ತಿಳಿಸತಕ್ಕದ್ದು. ಆದುದರಿಂದ ಕಾಗದವು ಸಕಾಲದಲ್ಲಿ ಸರಿಯಾದ ಕಚೇರಿಯನ್ನು ಸೇರುವುದು ಅತ್ಯವಶ್ಯಕ.

ಜನರು ಜೆರಾಕ್ಸ್ ಎಂದು ಕರೆಯುವ ಯಂತ್ರಗಳಲ್ಲಿ ಅನೇಕವು ನಕಲು ತೆಗೆಯುವುದಲ್ಲದೆ, ಕಾಗದವನ್ನು ಸ್ಕ್ಯಾನ್ ಮಾಡಿ ಇ-ಮೇಲ್, ಫ್ಯಾಕ್ಸ್ ಇಲ್ಲವೆ ಕಂಪ್ಯೂಟರಿನ ಫೋಲ್ಡರಿಗೆ ಕಳುಹಿಸಲೂ ಶಕ್ತವಾಗಿವೆ. ಪ್ರತಿಸಾರಿಯೂ ವಿಳಾಸವನ್ನು ಹೊಸದಾಗಿ ಒತ್ತುವಾಗ ಒಂದಕ್ಷರ ತಪ್ಪಿದರೂ ರೈತನ ಪಹಣಿ, ಆಧಾರ್, ಪಾಸ್‌ಬುಕ್ಕುಗಳ ಪ್ರತಿಗಳು ಪರರ ಕೈಸೇರಬಹುದು. ಇದು ಅನ್ಯರ ಹೊಲದ ತೂಬಿಗೆ ನೀರು ಬಿಟ್ಟಂತೆ. ಯಂತ್ರದ ವಿಳಾಸಪಟ್ಟಿಯಲ್ಲಿ ಒಮ್ಮೆ ಸರಿಯಾಗಿ ನಮೂದಿಸಿಟ್ಟರೆ ಈ ಭಯವು ಬಹುಮಟ್ಟಿಗೆ ನೀಗುತ್ತದೆ.

ನಮೂದಿಸುವ ಕ್ರಮವು ಸುಲಭವಾದುದು. ಯಂತ್ರದ ಫಲಕದಲ್ಲಿ ‘ಅಡ್ರೆಸ್ ಬುಕ್’ ಎಂಬುದನ್ನು ತೆರೆದು ಹೆಸರು, ಕಳುಹಿಸುವ ಬಗೆ, ವಿಳಾಸ ಇವುಗಳನ್ನು ತುಂಬಿ ಉಳಿಸತಕ್ಕದ್ದು. ‘ಕೃಷಿ ಕಚೇರಿ’ ಎಂದಷ್ಟೇ ಬರೆಯಕೂಡದು. ‘ಕೃಷಿ, ಸಿಂಧನೂರು’, ‘ಕೃಷಿ, ಮಸ್ಕಿ’ ಎಂದು ಊರಿನ ಹೆಸರನ್ನೂ ಸೇರಿಸಬೇಕು. ಫ್ಯಾಕ್ಸ್ ಇರುವಲ್ಲಿ ಪರಸ್ಥಳದ ಸಂಖ್ಯೆಗೆ ಎಸ್.ಟಿ.ಡಿ. ಸಂಕೇತವು ಅಗತ್ಯ: ಸಿಂಧನೂರಿಗೆ ೦೮೫೩೫, ಲಿಂಗಸುಗೂರಿಗೆ ೦೮೫೩೭. ಫೋಲ್ಡರಿಗೆ ಕಳುಹಿಸುವುದಾದರೆ ಕಂಪ್ಯೂಟರಿನ ಹೆಸರು, ಫೋಲ್ಡರಿನ ದಾರಿ, ಬಳಕೆದಾರನ ಹೆಸರು, ಪಾಸ್‌ವರ್ಡ್ ಇವು ನಾಲ್ಕೂ ಬೇಕು. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಾದೊಡನೆ ಯಂತ್ರದಲ್ಲಿಯೂ ತಿದ್ದದಿದ್ದರೆ ಕಾಗದವು ಹೋಗದು.

ಬೀಜವನ್ನು ಬಿತ್ತುವ ಮುನ್ನ ಮೊಳಕೆ ಪರೀಕ್ಷಿಸುವಂತೆ, ಹೊಸ ನಮೂದಿಗೆ ಮೊದಲು ಒಂದು ಖಾಲಿ ಹಾಳೆಯನ್ನು ಕಳುಹಿಸಿ, ತಲುಪಿತೆಂಬುದನ್ನು ಫೋನಿನಲ್ಲಿ ಕೇಳಿ ತಿಳಿಯಬೇಕು. ಇ-ಮೇಲ್ ‘ಹೋಯಿತು’ ಎಂದು ಯಂತ್ರವು ತೋರಿಸಿದರೆ ಅದು ಅಂಚೆಯ ಸರ್ವರಿಗೆ ಒಪ್ಪಿಸಿತೆಂದಷ್ಟೇ ಅರ್ಥ; ಅಧಿಕಾರಿಯ ಕೈಸೇರಿತೆಂದಲ್ಲ.

ಹಳೆಯ ನಮೂದುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆಯು ಅವಶ್ಯಕ. ೨೦೧೭ರ ರಾಜ್ಯ ಆಯವ್ಯಯದಲ್ಲಿ ಮಸ್ಕಿಯು ಹೊಸ ತಾಲ್ಲೂಕೆಂದು ಘೋಷಿತವಾಯಿತು. ಪೂರ್ವದಲ್ಲಿ ಲಿಂಗಸುಗೂರು, ಸಿಂಧನೂರು ಮುಂತಾದ ತಾಲ್ಲೂಕುಗಳಲ್ಲಿದ್ದ ಗ್ರಾಮಗಳು ಅದಕ್ಕೆ ಸೇರಿದವು. ಅಂತಹ ಗ್ರಾಮದ ಅರ್ಜಿಯು ಹಳೆಯ ನಮೂದಿನ ಪ್ರಕಾರ ಹಳೆಯ ಕಚೇರಿಗೇ ಹೋದರೆ, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ೭೨ ಗಂಟೆಗಳು ಕಳೆದುಹೋಗಬಹುದು. ಯಂತ್ರವು ತನಗೆ ಹೇಳಿದುದನ್ನು ಮಾತ್ರ ಮಾಡುವುದು. ತಾಲ್ಲೂಕು ಬದಲಾದ ಸುದ್ದಿಯು ಅದಕ್ಕೆ ತಿಳಿಯದು.

ಸಹಕಾರ ಸಂಘ, ಪಂಚಾಯಿತಿಗಳ ಆಡಳಿತದಲ್ಲಿರುವ ಗ್ರಾಮಪ್ರಮುಖರೂ ಜಮೀನುದಾರರೂ ಮುಂಗಾರು ಹಿಂಗಾರುಗಳಿಗೆ ಮುನ್ನ ಈ ಪಟ್ಟಿಯನ್ನು ಮುದ್ರಿಸಿ ತರಿಸಿಕೊಂಡು ಪರಿಶೀಲಿಸುವುದು ಲೇಸು. ತಿದ್ದುವ ಅಧಿಕಾರವನ್ನು ಒಬ್ಬ ಸಿಬ್ಬಂದಿಗೆ ಮಾತ್ರ ವಹಿಸಿ ಪಾಸ್‌ವರ್ಡಿನ ಕಾವಲಿಡಬೇಕು. ಯಂತ್ರವನ್ನು ಮಾರುವಾಗ ಇಲ್ಲವೆ ಹಿಂದಿರುಗಿಸುವಾಗ ಪಟ್ಟಿಯನ್ನು ಅಳಿಸಿಯೇ ಕೊಡತಕ್ಕದ್ದು.