ಏರುವ ವಾಹನಕ್ಕೆ ಮೊದಲ ದಾರಿ

ಪ್ರಶ್ನೆ: ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಘಾಟಿಯಲ್ಲಿ ಎರಡು ವಾಹನಗಳು ಎದುರಾದರೆ ದಾರಿ ಬಿಡಬೇಕಾದವರು ಯಾರು?

ಉತ್ತರ: ಇಳಿಯುವವರೇ ಬಿಡತಕ್ಕದ್ದು. ವಾಹನಗಳೆರಡು ನಿರಪಾಯವಾಗಿ ಹಾಯ್ದುಹೋಗುವಷ್ಟು ಅಗಲವಿಲ್ಲದ ಕಡಿದಾದ ರಸ್ತೆಯಲ್ಲಿ, ಇಳಿಯುವ ವಾಹನವು ಪಕ್ಕಕ್ಕೆ ನಿಂತು ಏರುವ ವಾಹನಕ್ಕೆ ಅವಕಾಶವೀಯಬೇಕೆಂದು 1989ರ ರಸ್ತೆ ನಿಯಮಾವಳಿಯೇ ವಿಧಿಸಿತು. ತಾಳಬೆಟ್ಟವನ್ನು ದಾಟಿ, ಯಾತ್ರಿಕರಿಂದ ತುಂಬಿ ತುಳುಕುತ್ತ ಏರುತ್ತಿರುವ ಬಸ್ಸು ಒಮ್ಮೆ ನಿಂತಿತೆಂದರೆ, ಮತ್ತೆ ಹೊರಡುವಾಗ ಕ್ಲಚ್ಚಿನ ಮೇಲೆ ಅತಿಶಯವಾದ ಭಾರ ಬಿದ್ದು, ಚಾಲಕನು ಕ್ಷಣಮಾತ್ರ ತಪ್ಪಿದರೂ ಹಿಂದಕ್ಕೆ ಜಾರುವ ಸಂಭವವುಂಟು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯುವವನಿಗಾದರೋ ನಿಲ್ಲುವುದೂ ಹೊರಡುವುದೂ ಸುಲಭ.

ಇದಕ್ಕಿಂತಲೂ ನನಗೆ ವ್ಯಥೆಯುಂಟುಮಾಡುವುದು ತಿರುವುಗಳಲ್ಲಿ ತೋರುವ ಆತುರ. ಉದ್ದನೆಯ ಬಸ್ಸಿನ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗಿನ ಜಾಡನ್ನು ಹಿಡಿಯುವುದರಿಂದ, ಕಡುತಿರುವಿನಲ್ಲಿ ಅದಕ್ಕೆ ರಸ್ತೆಯ ಬಹುಪಾಲು ಬೇಕಾಗುತ್ತದೆ. ಇದನ್ನರಿಯದೆ ಒಳಬದಿಯ ಸಂದಿಗೆ ಬೈಕು ನುಗ್ಗಿಸುವುದು ಪ್ರಾಣವನ್ನೇ ಪಣಕ್ಕೊಡ್ಡುವ ಅವಿವೇಕ. ಶಿವರಾತ್ರಿ, ದೀಪಾವಳಿಗಳ ಕಾಲದಲ್ಲಂತೂ ಇದೇ ರಸ್ತೆಯ ಅಂಚಿನಲ್ಲಿ ಕಾಲ್ನಡಿಗೆಯ ಭಕ್ತರು ಸಾಲುಗಟ್ಟಿರುತ್ತಾರೆ. ಆದುದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಇಳಿಯುವಾಗ ತಿರುವಿಗೆ ಮುಂಚೆಯೇ ಹಾರ್ನ್ ಹೊಡೆದು, ಎಡಕ್ಕೆ ಸರಿದು ನಿಂತು, ಬಸ್ಸನ್ನು ಮೊದಲು ಹೋಗಗೊಡಿ.