ಹುಣಸೆಹಣ್ಣು ತಾಗದ ರೂಪಾಯಿ

ಹಬ್ಬ ಬಂತೆಂದರೆ ದೇವರ ಮುಂದಿಡುವ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುವುದು ಎಷ್ಟೋ ಮನೆಗಳ ರೂಢಿ. ಬೆಂಗಳೂರಿನ ಪೇಟೆಯಲ್ಲಿ ಹಳೇ ನಾಣ್ಯಗಳ ವ್ಯಾಪಾರ ಮಾಡುವ ಹಿರಿಯರೊಬ್ಬರಿಗೆ ಆ ಹೊಳಪು ಕಂಡರೇ ಸಂಕಟ. ಜನರ ಕೈಯಲ್ಲಿ ಓಡಾಡಿ ಸವೆದ ನಾಣ್ಯಕ್ಕೆ ಅವರಲ್ಲಿ ಮರ್ಯಾದೆಯುಂಟು. ತಿಕ್ಕಿ ಸವೆಸಿದ್ದನ್ನು ಅವರು ಸುಮ್ಮನೆ ಪಕ್ಕಕ್ಕಿಡುತ್ತಾರೆ.

ಅವರು ನಾಣ್ಯ ನೋಡುವ ಬಗೆಯನ್ನು ನೋಡಬೇಕು. ಮುಖಕ್ಕೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ಮೊದಲು ತಕ್ಕಡಿಗೆ ಹಾಕುತ್ತಾರೆ. ಬ್ರಿಟಿಷ್ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಇವತ್ತಿನ ದರದಲ್ಲಿ ಆ ಬೆಳ್ಳಿಗೆ ಎಷ್ಟಾಗುತ್ತದೋ ಅದಕ್ಕಿಂತ ಕಡಿಮೆಗೆ ಯಾರೂ ಕೊಡಬಾರದು. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ಬರೀ ನಿಕಲ್.

ಆಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ಸವೆತ ನೋಡುತ್ತಾರೆ. ಉಬ್ಬಿದ ಜಾಗಗಳೇ ಮೊದಲು ಸವೆಯುವುದು: ವಿಕ್ಟೋರಿಯಾ ರಾಣಿಯ ಕೆನ್ನೆ, ಕಿವಿಯ ಸುತ್ತಲ ಕೂದಲು, ಜಾರ್ಜ್ ದೊರೆಯ ಕಿರೀಟ, ನಿಲುವಂಗಿಯ ಕಸೂತಿ. ಫೈನ್, ವೆರಿ ಫೈನ್ ಎಂಬ ವ್ಯಾಪಾರಿಗಳ ದರ್ಜೆಗಳೆಲ್ಲ ಈ ಗೆರೆಗಳು ಎಷ್ಟು ಉಳಿದಿವೆ ಎಂಬ ಲೆಕ್ಕವೇ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ಗುರುತಿದ್ದರೆ ಸಾಮಾನ್ಯವಾಗಿ ಬೆಳ್ಳಿಯ ಬೆಲೆಯಷ್ಟೇ.

ನಾನು ಅಲ್ಲಿಗೆ ಹೋಗಿದ್ದು 1911ರ ರೂಪಾಯಿಯ ಆಸೆಗೆ. ಆ ವರ್ಷ ಐದನೇ ಜಾರ್ಜ್ ಹೆಸರಿನಲ್ಲಿ ಹೊಸ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಪದಕದ ಸರಪಳಿ, ಅದರಲ್ಲೊಂದು ಪುಟ್ಟ ಆನೆ. ಅಚ್ಚು ಕೊರೆದವರು ಸೊಂಡಿಲನ್ನು ಗಿಡ್ಡ ಮಾಡಿದ್ದರು, ಕಾಲನ್ನು ಮೊಟಕು ಮಾಡಿದ್ದರು. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಮುಸ್ಲಿಮರು ಅಂಥ ನಾಣ್ಯ ಮುಟ್ಟುವುದು ಹೇಗೆಂದು ಸಿಟ್ಟಾದರು. ಸರ್ಕಾರ ವಿತರಣೆ ನಿಲ್ಲಿಸಿತು, ಬಹುಪಾಲನ್ನು ಕರಗಿಸಿತು. 1912ರ ನಾಣ್ಯದಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಭೂತಗನ್ನಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸಾಸಿವೆಗಿಂತ ತುಸು ದೊಡ್ಡದಾದ ಆ ಪ್ರಾಣಿ ಒಂದು ಸಾಮ್ರಾಜ್ಯವನ್ನು ಪೇಚಿಗೆ ಸಿಕ್ಕಿಸಿತ್ತು! ಹಿರಿಯರ ಕೈಲಿದ್ದ ನಾಣ್ಯದಲ್ಲಿ ಆನೆ ಮುಕ್ಕಾಲು ಅಳಿಸಿಹೋಗಿತ್ತು. ಆದರೂ ಹಿಂಬದಿಯಲ್ಲಿ 1911 ಎಂಬ ಇಸವಿ ಇರುವುದರಿಂದ ಅದಕ್ಕೆ ಬೆಳ್ಳಿಯನ್ನು ಮೀರಿದ ಬೆಲೆ. ಅಷ್ಟೇ ಸವೆದ 1918ರ ರೂಪಾಯಿಗೆ ಆ ಭಾಗ್ಯವಿಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದಿಂದ ಬೆಳ್ಳಿ ತರಿಸಿ ಅದನ್ನು ರಾಶಿಗಟ್ಟಲೆ ಅಚ್ಚು ಹಾಕಿದ್ದರು.

ಹಳೆಯದೆಲ್ಲ ಲಕ್ಷ ಬಾಳುತ್ತದೆಂದು ನಂಬಿ ಬರುವವರನ್ನು ವಾಪಸ್ ಕಳಿಸುವುದೇ ಅವರಿಗೆ ದಿನದ ಕಷ್ಟ. ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ ತಾಮ್ರದ ಕಾಸು ಇಂದಿಗೂ ಹೇರಳವಾಗಿ ಸಿಗುತ್ತದೆ. 1818ರ ಇಸವಿ ಹೊತ್ತ, ರಾಮ ಸೀತೆಯರ ಚಿತ್ರವಿರುವ ಬಿಲ್ಲೆಗಳನ್ನು ಕಂಪನಿ ಹೊರಡಿಸಿಯೇ ಇಲ್ಲ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಅವರ ವಿದ್ಯೆಯನ್ನು ಕಲಿಯಲು ಅಂಗಡಿಯಲ್ಲಿ ಈಗ ಯಾರೂ ಕೂರುವುದಿಲ್ಲ. ಮೊಬೈಲಿನಲ್ಲಿ ಫೋಟೊ ಕಳಿಸಿ ರೇಟು ಕೇಳುತ್ತಾರೆ. ಫೋಟೊದಲ್ಲಿ ತೂಕ ತಿಳಿಯುವುದಿಲ್ಲ, ತಿಕ್ಕಿದ ಗೀರೂ ಕಾಣುವುದಿಲ್ಲ. ಇತ್ತ ಬೆಳ್ಳಿ ದರ ಏರಿದಾಗಲೆಲ್ಲ ಅಜ್ಜಿಯರ ಪೆಟ್ಟಿಗೆಯ ರೂಪಾಯಿಗಳು ನೇರ ಅಕ್ಕಸಾಲಿಗರ ಮೂಸೆಗೆ ಹೋಗುತ್ತಿವೆ. ಕರಗಿಸುವ ಮುನ್ನ ಇಸವಿಯನ್ನಾದರೂ ಓದಿ ಎಂದು ಅವರು ಬಂದವರನ್ನೆಲ್ಲ ಕೇಳಿಕೊಳ್ಳುತ್ತಾರೆ.