ಒಂದು ತಕ್ಕಡಿ, ಎರಡು ಸರ್ಕಾರಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ತೂಗುವ ಧಾನ್ಯದ ಹಿಂದೆ ಎರಡು ಸರ್ಕಾರಗಳ ಹೊಣೆಯುಂಟು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೂ ತಿಂಗಳಿಗೆ 5 ಕಿಲೋಗ್ರಾಂ ಸಲ್ಲಬೇಕು. ಧಾನ್ಯವನ್ನೊದಗಿಸುವುದು ಕೇಂದ್ರದ ಕರ್ತವ್ಯ, ಅರ್ಹರನ್ನು ಗುರುತಿಸಿ ಹಂಚುವುದು ರಾಜ್ಯದ್ದು. 2023ರಲ್ಲಿ ಕರ್ನಾಟಕವು ಅನ್ನಭಾಗ್ಯದಡಿ ಇನ್ನೂ 5 ಕಿಲೋಗ್ರಾಂ ಅಕ್ಕಿ ಕೊಡಲು ಸಂಕಲ್ಪಿಸಿತು. ಆ ಜೂನ್‌ನಲ್ಲಿಯೇ ಕೇಂದ್ರವು, ಬೆಲೆಯೇರಿಕೆಯ ನಿಯಂತ್ರಣವನ್ನು ಕಾರಣವಾಗಿತ್ತು, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ಬಹುತೇಕ ರಾಜ್ಯಗಳಿಗೆ ಅಕ್ಕಿಯ ಮಾರಾಟವನ್ನು ನಿಲ್ಲಿಸಿತು. ಜುಲೈನಿಂದ ರಾಜ್ಯವು ಕಿಲೋಗ್ರಾಮಿಗೆ 34 ರೂಪಾಯಿಯಂತೆ, ತಲೆಗೆ 170 ರೂಪಾಯಿಯನ್ನು ಕುಟುಂಬದ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಜಮಾ ಮಾಡತೊಡಗಿತು. ಕೇಂದ್ರದ ದಾಸ್ತಾನು ಮತ್ತೆ ದೊರೆತ ಬಳಿಕ, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ನೀಡಲು ನಿರ್ಧರಿಸಿತು. ಹಣವನ್ನು ರಾಜ್ಯವೊಂದೇ ತಲುಪಿಸಬಲ್ಲುದು. ಆದರೆ ಪೇಟೆಯ ಧಾರಣೆ ಏರಿದಂತೆ ಆ ಹಣದ ಅಕ್ಕಿ ಇಳಿಯುತ್ತದೆ. ಚೀಲದ ತೂಕ ಕುಗ್ಗದಿರಬೇಕಾದರೆ ಉಗ್ರಾಣದವರೂ ಹಂಚುವವರೂ ಕೂಡಿ ನಡೆಯುವುದು ಅನಿವಾರ್ಯ.